ಕಾಕಾನ ಸ್ಪ್ರಿಂಗು ಮತ್ತು ಜೋಳದ ಚೀಲ

ನಮ್ಮ ಕಾಕಾ ತಮ್ಮ ಬೈಕಿನ ಹಿಂದಿನ ಸ್ಪ್ರಿಂಗನ್ನು ಯಾಕೆ ಬದಲಿಸಿದರು ಎಂದು ಆಳಂದದಲ್ಲಿ ಕೇಳಿ ನೋಡಿ. "ಹೆಂಡ್ತಿ ಭಾರಕ್ಕ ಹಳೀದು ಕುಂತೇ ಬಿಡ್ತ್ರಿ, ಈಗ ಜೀಪಿನ ಸ್ಪ್ರಿಂಗ್ ಹಾಕ್ಸ್ಯಾರ" ಎನ್ನುತ್ತಾರೆ. ಮಾತು ಅಫಜಲಪುರ ಮುಟ್ಟುವ ಹೊತ್ತಿಗೆ ಜೀಪು ಹೋಗಿ ಟ್ರ್ಯಾಕ್ಟರ್ ಆಗಿರುತ್ತದೆ. ಜೇವರ್ಗಿಯ ಚಹಾದಂಗಡಿಯಲ್ಲಿ ನಾನೇ ಕಿವಿಯಾರೆ ಕೇಳಿದ್ದು ಹತ್ತು ಗಾಲಿಯ ಲಾರಿಯದು. ಇನ್ನೊಂದು ತಾಲೂಕು ದಾಟಿದ್ದರೆ ರೈಲಿನ ಡಬ್ಬಿಯ ಸ್ಪ್ರಿಂಗೂ ಬರುತ್ತಿತ್ತೇನೋ.

ಈ ಮಾತನ್ನು ನಾನು ವಿರೋಧಿಸುತ್ತೇನೆ. ಕಡಗಂಚಿಯಲ್ಲಿ ಓದುತ್ತ, ಆಳಂದದಲ್ಲಿ ಕಾಕಾನ ಮನೆಯಲ್ಲೇ ಇದ್ದು ಅವರ ರೊಟ್ಟಿ ತಿನ್ನುವವಳು ಎಂಬ ಕಾರಣಕ್ಕಲ್ಲ. ನನ್ನ ಬಳಿ ಪುರಾವೆ ಇದೆ ಎಂಬ ಕಾರಣಕ್ಕೆ. ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡಿದ ಮೇಡಂ ಎರಡು ಪಾಠ ಕಲಿಸಿದ್ದರು. ಒಂದು, ಸಾವಿರ ಜನ ಹೇಳಿದರೂ ಸುಳ್ಳು ಸುಳ್ಳೇ. ಎರಡು, ಉತ್ತರ ನಿನಗೆ ಮೊದಲೇ ಗೊತ್ತಿರದ ಪ್ರಶ್ನೆಯನ್ನು ಎದುರಿನವರಿಗೆ ಎಂದೂ ಕೇಳಬೇಡ. ಮೊನ್ನೆಯ ಭಾನುವಾರದವರೆಗೆ ಎರಡನ್ನೂ ತಪ್ಪದೆ ಪಾಲಿಸಿದ್ದೆ.

ಮೊದಲು ಕಾಕಾನ, ಅಂದರೆ ನನ್ನ ಚಿಕ್ಕಪ್ಪನ, ಬಗ್ಗೆ ಒಂದು ಮಾತು. ಈ ಮೂರು ತಾಲೂಕಿನಲ್ಲಿ ಅವರಷ್ಟು ಅಂಜುಬುರುಕ ಮನುಷ್ಯ ಮತ್ತೊಬ್ಬರಿಲ್ಲ. ಹಾಗಾದರೆ ಬೆಟ್ಟ ಏರುವ, ಹೊಳೆ ದಾಟುವ, ಎತ್ತರದ ಆ ಅಡ್ವೆಂಚರ್ ಬೈಕು ಯಾಕೆ ಕೊಂಡರು? ಅಂಜಿಕೆಯಿಂದಲೇ. ಕಾಕಾ ಹೊಲ ಅಳೆಯುವ ಸರ್ವೇಯರ್. ಮಟಕಿ ಎಂಬ ಹಳ್ಳಿಯ ಕರಿ ಮಣ್ಣಿನ ಹೊಲದ ದಾರಿಯಲ್ಲಿ ಹಳೆಯ ಬೈಕು ಒಮ್ಮೆ ಜಾರಿತು; ಕಾಕಾ ಬೀಳಲಿಲ್ಲ, ಬೀಳಬಹುದಿತ್ತು ಎಂದು ಎರಡು ದಿನ ಜ್ವರ ಬಂತು. "ಗುಡ್ಡ ಹತ್ತೋ ಗಾಡಿ ಮಟಕಿ ಹೊಲದಾಗ ಬೀಳಂಗಿಲ್ಲ" ಎಂದು ತರ್ಕಿಸಿ ಸೋಲಾಪುರದಿಂದ ಇದನ್ನು ತಂದರು. ಇದರ ಮೀಟರಿನಲ್ಲಿ ಇನ್ನೂರರವರೆಗೆ ಅಂಕಿಗಳಿವೆ. ನಲವತ್ತೈದರ ಆಚೆಯ ಅಂಕಿಗಳು ಇವತ್ತಿಗೂ ಮುಳ್ಳಿನ ಮುಖ ಕಂಡಿಲ್ಲ.

ಅವರ ಹಿಂದೆ ಕುಳಿತು ಹೋಗುವುದೆಂದರೆ ಅಂಜಿಕೆಯ ಪಾಠಕ್ಕೆ ಸೇರಿಕೊಂಡಂತೆ. ಕಡಗಂಚಿಯವರೆಗೂ ವೀಕ್ಷಕ ವಿವರಣೆ ನಡೆದೇ ಇರುತ್ತದೆ.

"ಎಡಕ್ಕ ಎಮ್ಮಿ ಅದ. ನಮ್ಮನ್ನೇ ನೋಡಾಕತ್ತದ."

"ನೋಡಿದ್ರ ಏನಾಯ್ತ್ರಿ ಕಾಕಾ?"

"ನೋಡಿದ ಮ್ಯಾಲೇ ಓಡಿ ಬರ್ತದ ಬೇ. ನೋಡಲಾರದ ಯಾವ ಎಮ್ಮಿ ಬಂದದ?"

ಇದಕ್ಕೆ ಪ್ರತಿವಾದವೇನಾದರೂ ಇದ್ದರೆ ನನಗೂ ತಿಳಿಸಿ. ಆ ಎಮ್ಮೆ ನಮ್ಮ ದಾರಿಗೆ ಬರಲಿಲ್ಲ, ನಿಜ. ಆದರೆ ಅಂದಿನಿಂದ ಎಮ್ಮೆ ಕಣ್ಣಿಗೆ ಕಣ್ಣು ಕೊಟ್ಟರೆ ನನ್ನ ಎದೆಯೂ ಡವಗುಟ್ಟುತ್ತದೆ. ಅಂಜಿಕೆ ನೆಗಡಿಯ ಹಾಗೆ, ಹತ್ತಿರ ಕುಳಿತವರಿಗೆ ಹತ್ತದೇ ಬಿಡುವುದಿಲ್ಲ.

ಇನ್ನು ಸ್ಪ್ರಿಂಗಿನ ವಿಷಯ. ಹೋದ ವರ್ಷ ಕಾಕಾ ಮತ್ತು ಕಾಕು, ಅಂದರೆ ಅವರ ಹೆಂಡತಿ, ಒಂದು ತೊಟ್ಟಿಲ ಕಾರ್ಯಕ್ರಮಕ್ಕೆಂದು ಅಫಜಲಪುರದ ಮೇಲೆ ಹಾದು ಜೇವರ್ಗಿಗೆ ಹೊರಟಿದ್ದರು. ದಾರಿಯ ಕುಣಿಯೊಂದರಲ್ಲಿ ಹಿಂದಿನ ಗಾಲಿ ಇಳಿಯಿತು. ಸ್ಪ್ರಿಂಗು ಪೂರ್ತಿ ಕುಗ್ಗಿ, ಧಡ್ ಎಂದು ತಳಕ್ಕೆ ಬಡಿಯಿತು. ಕಾಕಾ ಗಾಡಿ ನಿಲ್ಲಿಸಿದರು. ಬೆನ್ನಿಗೆ ಪೆಟ್ಟಾಗಿದೆಯೋ ನೋಡಲು ಕಾಕುವನ್ನು ಇಳಿಸಿ, ಹತ್ತು ಹೆಜ್ಜೆ ನಡೆಸಿ, ತಿರುಗಿಸಿ, ಬಗ್ಗಿ ಕಾಲ್ಬೆರಳು ಮುಟ್ಟು ಎಂದರು.

"ರೇಷ್ಮಿ ಸೀರಿ ಉಟ್ಟು ನಡು ರಸ್ತೇದಾಗ ಬಗ್ಗೇನಿ" ಎಂದು ಕಾಕು ಮನೆಗೆ ಬಂದು ಹೇಳಿದರು. "ಟಂಟಂ ಆಟೋದಾಗಿನ ಮಂದಿ ನಾ ಡ್ಯಾನ್ಸ್ ಮಾಡಾಕತ್ತೇನಿ ಅಂತ ಇಳದು ನಿಂತು ನೋಡಿದ್ರು. ಒಬ್ಬಾಂವ ಚಪ್ಪಾಳಿನೂ ಹೊಡದ."

ಆಳಂದದ ಮಿಸ್ತ್ರಿ ಬೈಕನ್ನು ಎರಡು ಸಲ ಒತ್ತಿ ನೋಡಿದ. ಗಾಡಿಯ ಮೇಲೆ ಇಬ್ಬರು ಕುಳಿತರೆ ಹಿಂಭಾಗ ಒಂದಿಷ್ಟು ಕುಸಿಯಬೇಕು, ಅದು ಲಕ್ಷಣ. ಹೆಚ್ಚು ಕುಸಿದರೆ ರೋಗ ಎಂದು ವಿವರಿಸಿದ. "ಏಳು ಸೆಂಟಿಮೀಟರ್ ಕುಸದ್ರ ಬರೋಬರಿ ಸಾಬ್. ನಿಮ್ಮದು ಒಂಬತ್ತು ಅದ. ಸ್ಪ್ರಿಂಗ್ ಸೋತದ, ಇದಕಿಂತ ಬಿರುಸಾದದ್ದು ತರಸ್ರಿ."

ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ತರಿಸುತ್ತಿದ್ದರು. ಸರ್ವೇಯರ್ ಮನುಷ್ಯ ಒಂದೇ ಅಳತೆಯನ್ನು ನಂಬುತ್ತಾನೆಯೇ? ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಒಂದು ಪೂಜೆ ಶುರುವಾಯಿತು. ಮುಂದೆ ಕಾಕಾ, ಹಿಂದೆ ಕಾಕು. ಟೇಪು ಹಿಡಿದು ನೆಲಕ್ಕೆ ಕುಕ್ಕರಗಾಲಿನಲ್ಲಿ ನಾನು. ಗಾಲಿಯ ನಡುವಿನಿಂದ ಸೀಟಿನ ಕೆಳಗಿನ ಸುಣ್ಣದ ಗುರುತಿನವರೆಗೆ ಮೂರು ಸಲ ಅಳೆದು ಕೂಗಬೇಕು. ಕಾಕಾ ಅದನ್ನು ಖಾಲಿ ಗಾಡಿಯ ಅಳತೆಯಿಂದ ಕಳೆದು, ಕುಸಿತ ಎಷ್ಟೆಂದು ಹೊಲದ ಅಳತೆ ಬರೆಯುವ ಪುಸ್ತಕದಲ್ಲೇ ಬರೆದುಕೊಳ್ಳುತ್ತಿದ್ದರು.

"ನಾ ಏನ ಹೊಲಾ ಏನ್ರಿ, ವಾರಕ್ಕೊಮ್ಮಿ ಅಳೀಲಿಕ್ಕ?" ಎಂದು ಕಾಕು ಮೇಲಿನಿಂದ ಗದರುತ್ತಿದ್ದರು.

"ಹೊಲಾ ಅಳಸಾಕ ಮಂದಿ ತಿಂಗಳಗಟ್ಟಲೆ ಕಾಯ್ತಾರ. ನಿಂಗ ಕುಂತಲ್ಲೇ ಸಿಕ್ಕದ. ಅಲಗಬ್ಯಾಡ."

ಹೀಗೆ ಆರೇಳು ಭಾನುವಾರ ಕಳೆದ ಮೇಲೆ ಒಂದು ವಿಚಿತ್ರ ನಡೆಯಿತು. ಒಂಬತ್ತು ಇದ್ದದ್ದು ಒಂದು ಮಿಲಿಮೀಟರ್ ಕಡಿಮೆಯಾಯಿತು. ಮುಂದಿನ ವಾರ ಇನ್ನೊಂದು. ಸೋತ ಸ್ಪ್ರಿಂಗು ತಾನಾಗಿಯೇ ಗುಣವಾಗುತ್ತಿತ್ತು! ಕಾಕಾ ಟೇಪನ್ನು ಅನುಮಾನಿಸಿ ಹೊಸದು ತಂದರು. ನನ್ನನ್ನು ಅನುಮಾನಿಸಿ, ಕುಳಿತಲ್ಲಿಂದಲೇ ಬಗ್ಗಿ ನೋಡಿದರು. ತೊಗರಿ ತೂಗುವ ಕಾಟಾದ ಮೇಲೆ ಹೋಗಿ ನಿಂತು ತಮ್ಮನ್ನೇ ತೂಗಿಸಿಕೊಂಡು ಬಂದರು, ಗುಂಜಿಯಷ್ಟೂ ವ್ಯತ್ಯಾಸವಿರಲಿಲ್ಲ. ಟೇಪು ಎಂಟಕ್ಕೆ ಹತ್ತಿರ ಬಂದ ದಿನ ನಾನು ನಗುತ್ತಲೇ ಹೇಳಿದೆ: "ಕಾಕಾ, ಹಿಂಗೇ ನಡದ್ರ ಹೊಸ ಸ್ಪ್ರಿಂಗ್ ಬೇಕೇ ಆಗಂಗಿಲ್ಲ ನೋಡ್ರಿ."

ಕಾಕಾ ನಗಲಿಲ್ಲ. ಗಾಡಿಯಿಂದ ಇಳಿದು, ಕಾಕುವಿನ ಮುಂದೆ ನಿಂತು, ಅಳೆಯುವ ಕಣ್ಣಿನಿಂದಲೇ ಅವರ ಮುಖ ನೋಡಿದರು. "ನಿನ್ನ ಜಂಪರ್ ಎಷ್ಟ ಸಲ ಹಿಡದು ಹೊಲದಿ?" ಎಂದು ಕೇಳಿದರು.

ಕಾಕು ಮನೆಯಲ್ಲಿ ಹತ್ತು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾರೆ. ತಮ್ಮ ಜಂಪರಿನ, ಅಂದರೆ ರವಿಕೆಯ, ಹೊಲಿಗೆಯನ್ನು ಎರಡು ತಿಂಗಳಲ್ಲಿ ಮೂರು ಸಲ ಒಳಗೆ ಹಿಡಿದಿದ್ದರು. ಸಂಜೆ ನಡೆದಾಡುವುದರಿಂದ ಸಣ್ಣಗಾಗಿದ್ದೇನೆಂದು ಒಳಗೊಳಗೇ ಖುಷಿಪಟ್ಟಿದ್ದರಂತೆ. ಕುತ್ತಿಗೆಯಲ್ಲಿ ಎದ್ದ ಗಂಟೊಂದನ್ನು ಸೆರಗಿನಲ್ಲಿ ಮುಚ್ಚಿದ್ದರು. ಒಂದೇ ಮನೆಯಲ್ಲಿ, ಒಂದೇ ಪರಾತದಿಂದ ರೊಟ್ಟಿ ತೆಗೆದುಕೊಂಡು ತಿನ್ನುವ ನಾನು ಏನನ್ನೂ ಕಂಡಿರಲಿಲ್ಲ. ಕಂಡುಹಿಡಿದದ್ದು ಒಂದು ಸ್ಪ್ರಿಂಗು, ಮತ್ತು ಅದನ್ನು ನಂಬಿದ ಒಬ್ಬ ಅಂಜುಬುರುಕ.

ಕಲಬುರಗಿಯ ದವಾಖಾನೆಗೆ ಬಸ್ಸಿನಲ್ಲಿ ಹೋದೆವು. ಕಾಕಾ ದಾರಿಯುದ್ದಕ್ಕೂ ಒಂದೂ ಎಮ್ಮೆಯನ್ನು ತೋರಿಸಲಿಲ್ಲ. ಅಷ್ಟು ಅಂಜಿಕೆ ನನಗೆ ಯಾವ ಎಮ್ಮೆಯೂ ಹುಟ್ಟಿಸಿರಲಿಲ್ಲ. ಪರೀಕ್ಷೆಗಳು, ಗಂಟಿನಿಂದ ತೆಗೆದ ಚೂರು, ಫಲಿತಾಂಶಕ್ಕಾಗಿ ಕಾಯ್ದ ಹನ್ನೊಂದು ದಿನ. ಆ ಹನ್ನೊಂದು ದಿನದಲ್ಲಿ ನಾನು ಕಾಕಾನೊಂದಿಗೆ ಒಮ್ಮೆಯೂ ವಾದಿಸಲಿಲ್ಲ. ಕೊನೆಗೆ ಅದು ಗಂಟಿನ ಟಿಬಿ ಎಂದರು. ಯಾರಿಗೂ ಅಂಟುವಂಥದ್ದಲ್ಲ; ಗುಳಿಗೆ ತಪ್ಪಿಸಬಾರದು, ಊಟ ಬಿಡಬಾರದು, ತೂಕ ಮರಳಿ ಬರಬೇಕು. ವರ್ಷದ ಹಿಂದೆ ಮಟಕಿಯಲ್ಲಿ ತೊಗರಿ ಕಾಟಾದ ಮೇಲೆ ಕಾಕು ತಮಾಷೆಗೆ ನಿಂತಾಗ ಎಪ್ಪತ್ತೆರಡು ಕಿಲೊ ಇದ್ದರು. ದವಾಖಾನೆಯ ಕಾಟಾ ಐವತ್ತೆಂಟು ಎಂದಿತು.

ಮರುದಿನ ಕಾಕಾ ಫೋನು ನನ್ನ ಕೈಗಿತ್ತು, ಪುಣೆಯಿಂದ ಸ್ಪ್ರಿಂಗು ತರಿಸು ಎಂದರು. ಅಂಥ ಸ್ಪ್ರಿಂಗನ್ನು ಸವಾರರ ತೂಕ ನೋಡಿಯೇ ಕಳಿಸುತ್ತಾರೆ.

"ಹಿಂದ ಕೂಡವರ ತೂಕ ಕೇಳಾಕತ್ಯಾರ್ರಿ. ಐವತ್ತೆಂಟು ಬರೀತೇನಿ."

"ಎಪ್ಪತ್ತೆರಡು ಬರಿ."

"ನಿನ್ನೇನೇ ನೋಡೀವಲ್ರಿ ಕಾಕಾ. ಸುಳ್ಳ ಬರದ್ರ ಸ್ಪ್ರಿಂಗ್ ಬಿರುಸ ಬರ್ತದ. ಕಾಕುಗೇ ಪೆಟ್ಟು."

"ಬರಿ ಬೇ."

"ಸರ್ವೇಯರ್ ಆಗಿ ಖೊಟ್ಟಿ ಅಳತಿ ಬರಸ್ತೀರೇನ್ರಿ?"

ಕಾಕಾ ಅಳತೆಯ ಪುಸ್ತಕ ಮುಚ್ಚಿಟ್ಟರು. "ಹೊಲದ ಹದ್ದಿನ ಕಲ್ಲ ಯಾರರ ಕಿತ್ತ ಒಗದಿದ್ರ, ಬಿದ್ದಲ್ಲೇ ನೆಡ್ತಾರೇನ? ಮೊದಲ ಎಲ್ಲಿತ್ತೋ ಅಲ್ಲೇ ನೆಡಬೇಕು. ಬರಿ."

ಬರೆದೆ. ನಾಲ್ಕು ವರ್ಷದ ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತು ಕುಳಿತದ್ದು ಅದೊಂದೇ ಸಲ.

ಸ್ಪ್ರಿಂಗು ಬಂತು. ಹೊಸದನ್ನು ಕೂಡಿಸಲು ಅದನ್ನು ಎರಡು ಉದ್ದ ಬೋಲ್ಟುಗಳ ನಡುವೆ ಹಿಡಿದು ಬಿಗಿಬಿಗಿಯಾಗಿ ಒತ್ತಬೇಕು; ತಪ್ಪಿದರೆ ಗುಂಡಿನಂತೆ ಹಾರುತ್ತದೆ ಎಂದು ಮಿಸ್ತ್ರಿ ಬಾಯಿತಪ್ಪಿ ಹೇಳಿಬಿಟ್ಟ. ಕಾಕಾ ಹೆಲ್ಮೆಟ್ ಹಾಕಿಕೊಂಡು ಅಂಗಡಿಯ ಮುಂದಿನ ಬೇವಿನ ಮರದ ಹಿಂದೆ ನಿಂತರು. ನನ್ನನ್ನೂ ಎಳೆದು ನಿಲ್ಲಿಸಿಕೊಂಡರು. ಅಲ್ಲಿಂದಲೇ ಸಲಹೆಗಳು: "ಜರಾ ಹಗೂರಕ. ಮಾರಿ ಆ ಕಡೆ ಮಾಡ್ರಿ. ಮನ್ಯಾಗ ಹೇಳಿ ಬಂದೀರಿಲ್ಲೋ?"

"ಸಾಬ್" ಎಂದ ಮಿಸ್ತ್ರಿ, ಬೆವರು ಒರೆಸಿಕೊಳ್ಳುತ್ತ. "ಇಷ್ಟೊತ್ತನ ನಂಗ ಅಂಜಿಕಿ ಇದ್ದಿದ್ದಿಲ್ರಿ. ಈಗ ಆ ಮರದ ಹಿಂದ ನಂಗೂ ಜಾಗಾ ಅದ ಏನ್ರಿ?"

ಸ್ಪ್ರಿಂಗು ಹಾರಲಿಲ್ಲ. ಹಾರಿದ್ದು ಸುದ್ದಿ. ಆ ಸಂಜೆಯೇ ಜೀಪಿನದೆಂದಾಯಿತು, ವಾರದಲ್ಲಿ ಲಾರಿಯದೆಂದಾಯಿತು. ಜೇವರ್ಗಿಯ ಚಹಾದಂಗಡಿಯಲ್ಲಿ ಒಬ್ಬರು, "ಸರ್ವೇಯರ್ ಸಾಹೇಬ್ರ, ಇದರೆ ತಡೀತದೇನ್ರಿ ಮನೀಯವರ ಭಾರ?" ಎಂದಾಗ ಕಾಕಾ, "ನೋಡ್ಬೇಕ್ರಿ" ಎಂದು ನಕ್ಕರು. ಹೊರಗೆ ಬಂದ ಮೇಲೆ ನಾನು ಜಗಳಕ್ಕೇ ನಿಂತೆ.

"ಕಾಕುನ ಮಾನ ತಗೀತಾರ, ನೀವು ಹಲ್ಲ ಕಿಸೀತೀರಿ?"

"ಮಂದಿ ಬಾಯಾಗ ಆಕಿ ದಪ್ಪೇ ಇರ್ಲಿ ಬೇ" ಎಂದರು ಕಾಕಾ, ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ. "ಅಲ್ಲ್ಯಾದ್ರೂ ಇರ್ಲಿ."

ಟಿಬಿ ಎಂದು ತಿಳಿದರೆ ಹೊಲಿಗೆಗೆ ಒಬ್ಬಳೂ ಬರುವುದಿಲ್ಲ ಎಂಬ ಅಂಜಿಕೆ ಕಾಕುವಿಗಿತ್ತು. ಹಾಗಾಗಿ ನಿಜ ಹೇಳುವಂತಿರಲಿಲ್ಲ. ಹೋದ ತಿಂಗಳು ಕಾಕುವೇ ಹುಡುಗಿಯರ ತಾಯಂದಿರನ್ನು ಕರೆದು ಹೇಳಿಬಿಟ್ಟರು. ಇಬ್ಬರು ಬಿಟ್ಟು ಹೋದರು, ಎಂಟು ಜನ ಉಳಿದರು. ಇದನ್ನು ಬರೆಯಲಾ ಎಂದು ಕೇಳಿದ್ದಕ್ಕೆ, "ಬರಿ. ಮೊದಲ ದಪ್ಪ ಇದ್ದೆ ಅಂತನೂ ಬರಿ, ಅದರಾಗ ಏನದ" ಎಂದರು.

ಇನ್ನು ಜೋಳದ ಚೀಲ. ಎಪ್ಪತ್ತೆರಡಕ್ಕೆಂದು ಬಂದ ಸ್ಪ್ರಿಂಗು ಐವತ್ತೆಂಟಕ್ಕೆ ಬಗ್ಗಲಿಲ್ಲ. ನಾನು ಹೇಳಿದಂತೆಯೇ ಆಯಿತು: ಗಾಡಿ ಎತ್ತರವಾಯಿತು, ಕಾಕು ಹತ್ತಬೇಕೆಂದರೆ ಕಟ್ಟೆಯ ಪಕ್ಕ ನಿಲ್ಲಿಸಬೇಕು, ಸಣ್ಣ ಕಲ್ಲು ಸಿಕ್ಕರೂ ಜಿಗಿಯುತ್ತದೆ. "ಇದಕಿಂತ ಕತ್ತಿ ಸವಾರಿ ಛಲೋ, ಒದ್ಯೂಮುಂದ ಹೇಳೆರೆ ಒದೀತದ" ಎಂದರು ಕಾಕು. ಕಾಕಾ ಹದಿನಾಲ್ಕು ಕಿಲೊ ಬಿಳಿಜೋಳ ತೂಗಿ, ಚೀಲಕ್ಕೆ ತುಂಬಿ, ಸೀಟಿನ ಹಿಂದೆ ಕಟ್ಟಿದರು. ಟೇಪು ಸರಿಯಾಗಿ ಏಳು ಎಂದಿತು.

ಅಂದಿನಿಂದ ಆ ಚೀಲ ಅವರೊಂದಿಗೆ ಎಲ್ಲ ಕಡೆಗೂ ಹೋಗುತ್ತದೆ. ಜಿಡಗಾದ ಮಠಕ್ಕೆ ಹೋದಾಗ ದಾಸೋಹಕ್ಕೆ ತಂದದ್ದೆಂದು ಒಬ್ಬರು ಭಕ್ತಿಯಿಂದ ಇಳಿಸಿಕೊಳ್ಳಲು ಬಂದರು. "ಇದಲ್ರಿ, ಇದು ನಮ್ಮಕಿ" ಎಂದು ಕಾಕಾ ಚೀಲವನ್ನು ಅಪ್ಪಿ ಹಿಡಿದರು. ಅವರಿಗೆ ಏನು ತಿಳಿಯಿತೋ ಶಿವನೇ ಬಲ್ಲ.

ಭಾನುವಾರದ ಅಳತೆ ನಿಲ್ಲಲಿಲ್ಲ. ಕಾಕು ಒಂದಿಷ್ಟು ತುಂಬಿಕೊಂಡರೆ ಗಾಡಿ ಏಳಕ್ಕಿಂತ ಕೂದಲೆಳೆ ಹೆಚ್ಚು ಕುಸಿಯುತ್ತದೆ. ಆಗ ಕಾಕಾ ಚೀಲದಿಂದ ಅಷ್ಟು ಜೋಳ ತೆಗೆಯುತ್ತಾರೆ; ಕಾಕು ಇಳಿದುಹೋದರೆ ಅಷ್ಟು ಮರಳಿ ಹಾಕಬೇಕು. ತೆಗೆದದ್ದು ಗಿರಣಿಗೆ ಹೋಗಿ, ಹಿಟ್ಟಾಗಿ, ರೊಟ್ಟಿಯಾಗಿ ಕಾಕುವಿನ ತಾಟಿಗೇ ಬರುತ್ತದೆ.

"ಇದು ಚೀಲದ್ದೇನ್ರಿ?"

"ಹೌದು, ತಿನ್ನು. ಒಟ್ಟು ಭಾರ ಅಷ್ಟೇ ಅದ. ಅಲ್ಲಿದ್ದದ್ದು ಇಲ್ಲಿ ಬರಬೇಕು, ಬ್ಯಾರೆ ಏನಿಲ್ಲ."

ಮೂರು ತಿಂಗಳಲ್ಲಿ ಹದಿನಾಲ್ಕು ಒಂಬತ್ತಾಯಿತು. ಐದು ಕಿಲೊ ಜೋಳ ಚೀಲದಿಂದ ಕಾಕುವಿನ ಮೈಗೆ ಬಂದಿತ್ತು. ನನ್ನ ಸಂಶಯವೆಲ್ಲ ಬದಿಗಿಟ್ಟು ಪ್ರತಿ ಭಾನುವಾರಕ್ಕೆ ಕಾಯುತ್ತಿದ್ದೆ.

ಆಮೇಲೆ, ಮೂರು ವಾರದ ಹಿಂದೆ, ಗುಳಿಗೆ ಕಾಕುವಿಗೆ ಒಗ್ಗದಂತಾಯಿತು. ತಿಂದದ್ದು ನಿಲ್ಲಲಿಲ್ಲ. ಡಾಕ್ಟರು ಗುಳಿಗೆ ಬದಲಿಸಿದರು. ಈಗ ಊಟ ಮಾಡುತ್ತಾರೆ, ಅರ್ಧ ರೊಟ್ಟಿ, ಒಮ್ಮೊಮ್ಮೆ ಒಂದು. ಅಂದಿನಿಂದ ಕಾಕಾ ಟೇಪನ್ನು ನನ್ನ ಕೈಗೆ ಕೊಡುವುದಿಲ್ಲ. ತಮ್ಮ ಜಾಗದಲ್ಲಿ ನನ್ನನ್ನೇ ಮುಂದೆ ಕೂಡಿಸುತ್ತಾರೆ. ನಾನು ಅವರಷ್ಟು ಭಾರವಿಲ್ಲವೆಂದು ಅಳತೆಯ ಕಬ್ಬಿಣದ ಸರಪಳಿಯನ್ನೂ ಮಸಾಲೆ ಅರೆಯುವ ಕಲ್ಲನ್ನೂ ನನ್ನ ತೊಡೆಯ ಮೇಲೆ ಇಡುತ್ತಾರೆ.

ಮೊನ್ನೆಯ ಭಾನುವಾರವೂ ಹಾಗೆಯೇ ಕುಳಿತೆವು. ನಾನು, ಸರಪಳಿ, ಕಲ್ಲು. ಹಿಂದೆ ಕಾಕು, ಅವರ ಕೈ ನನ್ನ ಹೆಗಲ ಮೇಲೆ. ಕಾಕಾ ಬಗ್ಗಿ ಟೇಪು ನೋಡಿದರು. ಮೂರು ಸಲ ನೋಡಿದರು. ಕೂಗಲಿಲ್ಲ, ಪುಸ್ತಕದಲ್ಲಿ ಬರೆಯಲೂ ಇಲ್ಲ. ನಮಗೆ ಬೆನ್ನು ಮಾಡಿ ಚೀಲದ ಬಾಯಿ ಬಿಚ್ಚಿದರು. ಪಕ್ಕದಲ್ಲಿ ಜೋಳದ ಡಬ್ಬಿಯಿತ್ತು. ಕಾಳು ಸುರಿದ ಸದ್ದಾಯಿತು. ಚೀಲದಿಂದ ಡಬ್ಬಿಗೋ, ಡಬ್ಬಿಯಿಂದ ಚೀಲಕ್ಕೋ, ಕುಳಿತಲ್ಲಿಂದ ಕಾಣುತ್ತಿರಲಿಲ್ಲ. ಆಮೇಲೆ ಮತ್ತೆ ಬಗ್ಗಿ ಅಳೆದು, "ಏಳು" ಎಂದರು. ಏಳು ಬರಲೇಬೇಕಲ್ಲ, ಏಳು ಬರುವ ಹಾಗೆ ಮಾಡಿದ್ದಾರಲ್ಲ. ಆ ಏಳರಿಂದ ಯಾರಿಗೆ ಏನು ಗೊತ್ತಾಗುತ್ತದೆ?

ನನ್ನ ಹೆಗಲ ಮೇಲಿನ ಕೈ ಬಿಗಿಯಾಯಿತು. ಕಾಕಾ ಚೀಲದ ಬಾಯಿಗೆ ಗಂಟು ಹಾಕಿದರು, ಅದರ ಮೇಲೆ ಇನ್ನೊಂದು ಹಾಕಿದರು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಕೇಳಬಾರದೆಂದು ಕಲಿತವಳು ನಾನು. ಆದರೂ ಕೇಳಿದೆ.

"ಕಾಕಾ, ತಗದ್ರೋ, ಹಾಕಿದ್ರೋ?"