ಪಿಕಪ್ ಗಾಡಿಗೆ ಹಲಸಿನ ಮೇಣ

ಚಿನ್ನಪ್ಪನನ್ನು ನಾನು ಮೊದಲು ಕಂಡದ್ದು ನಲವತ್ತಾರನೆಯ ಇಸವಿ, ಒಂದು ಗುರುವಾರದ ಸಂಜೆ. ಅವತ್ತೇ ಅವನ ಗಾಡಿ ಕೆಡಿಸಿದೆ!

ಜೋಗುಪಾಳ್ಯದ ನಮ್ಮ ಗೇಟಿನ ಮುಂದೆ ಹಳೆಯ ಪಿಕಪ್ ಗಾಡಿ ನಿಲ್ಲಿಸಿ, "ದೊಡ್ಡಮ್ಮಾ, ಇವತ್ತು ರಾತ್ರಿ ಅಂಗಳದಲ್ಲಿ ಗಾಡಿ ಬಿಡ್ಲಾ?" ಎಂದು ಕೇಳಿದ. ಮರುದಿನ ಬೆಳಿಗ್ಗೆ ವಿಮಾನಪುರದ ಕ್ಯಾಂಟೀನಿನ ಮುನಿರಾಜಪ್ಪನವರು ಕೆಲಸಕ್ಕೆ ಹೋಗುವ ದಾರಿಯಲ್ಲಿ ಅದನ್ನು ನೋಡುವವರಿದ್ದರು. ಒಪ್ಪಿದರೆ ದಿನಾ ತರಕಾರಿ ಸಾಗಿಸುವ ಕೆಲಸ. ಇಲ್ಲವಾದರೆ ಮತ್ತೆ ಮೂಟೆ ಹೊರುವ ಕೂಲಿ.

"ಬಿಡಪ್ಪ, ನಾನು ದಾರಿ ತೋರಿಸ್ತೀನಿ! ನಮ್ಮ ಯಜಮಾನರ ಎತ್ತಿನ ಗಾಡಿಗೆ ಮೂವತ್ತು ವರ್ಷ ತೋರ್ಸಿದೋಳು ನಾನು!"

ಎತ್ತುಗಳಿಗೆ ಕಣ್ಣಿದ್ದವು. ಪಾಪ, ಚಿನ್ನಪ್ಪ ನನ್ನ ಕೈಯನ್ನೇ ನಂಬಿ ಹಿಂದಕ್ಕೆ ಬಂದ. "ಬಾ... ಬಾ... ಇನ್ನೂ ಬಾ..." ಕರಕರ! ಬಾಗಿಲ ಉದ್ದಕ್ಕೂ ಇದ್ದ ಹೊಳೆಯುವ ತಗಡಿನ ಪಟ್ಟಿ ಕಲ್ಲುಕಂಬಕ್ಕೆ ಸಿಕ್ಕಿ, ಕಿತ್ತು ಜೋತುಬಿತ್ತು.

"ಅಯ್ಯೋ, ಬಾ ಅಂದ್ರಲ್ಲಾ ದೊಡ್ಡಮ್ಮಾ!"

"ಅಂದೆ. ನಿಲ್ಲು ಅನ್ನೋಷ್ಟ್ರಲ್ಲಿ ನೀನು ಬಂದ್ಬಿಟ್ಟೆ!"

ದಂಡು ಪ್ರದೇಶದಲ್ಲಿ ಗಾಡಿ ರಿಪೇರಿ ಮಾಡುವ ಸನಾವುಲ್ಲಾನ ಗ್ಯಾರೇಜು ಆಗಲೇ ಮುಚ್ಚಿತ್ತು. ಶುಕ್ರವಾರ ಅವನಿಗೆ ರಜೆ. "ಗ್ಯಾರೇಜ್ ಯಾಕೆ, ನಾನಿಲ್ವಾ?" ಎಂದೆ. ಹಲಸಿನ ಹಣ್ಣು ಕೊಯ್ದಾಗಲೆಲ್ಲ ಮೇಣವನ್ನು ಕಡ್ಡಿಗೆ ಸುತ್ತಿಡುವುದು ನಮ್ಮ ಪದ್ಧತಿ. ಒಲೆಗೆ ಹಿಡಿದು ಹಚ್ಚಿದರೆ ಸೋರುವ ಬಿಂದಿಗೆಯೂ ಬಾಯಿ ಮುಚ್ಚಿಕೊಳ್ಳುತ್ತದೆ. ಮೂರು ಕಡ್ಡಿ ಮೇಣ ಹಚ್ಚಿ, ನೂರು ಎಣಿಸುವವರೆಗೆ ಒತ್ತಿ ಹಿಡಿದೆ. ಪಟ್ಟಿ ಹುಟ್ಟಿದಾಗಲೂ ಅಷ್ಟು ನೆಟ್ಟಗೆ ಇದ್ದಿರಲಾರದು!

ಬೆಳಿಗ್ಗೆ ಮುನಿರಾಜಪ್ಪನವರು ಬಿಳಿ ಕೋಟು ತೊಟ್ಟು ಬಂದರು. ಬಿಸಿಲೂ ಬಂತು. ಬಿಂದಿಗೆಯೊಳಗೆ ತಣ್ಣೀರಿರುತ್ತದೆ, ಗಾಡಿಯ ಬಾಗಿಲಿಗೆ ಬಿಸಿಲು ಬಿದ್ದು ಮೇಣ ಕರಗುತ್ತದೆ ಎಂಬ ಜ್ಞಾನ ನನಗೆ ಉದಯಿಸುವಷ್ಟರಲ್ಲಿ ಅವರು ಬಾಗಿಲಿಗೆ ಒರಗಿದ್ದರು. ಹೊರಟರೆ ಕೋಟಿನ ಹಿಂದೆಯೇ ಪಟ್ಟಿಯೂ ಹೊರಟಿತು!

"ಏನ್ರೀ ಇದು, ಗಾಡಿ ನನ್ ಜೊತೆ ಬರ್ತಿದೆ!"

ಚಿನ್ನಪ್ಪ ಬಿಳಿಚಿಕೊಂಡ. ನಾನು ಹರಳೆಣ್ಣೆ ಹಿಡಿದು ಓಡಿ, ಮೊಣಕೈಯಿಂದ ಹೆಗಲವರೆಗೆ ಸಾಹೇಬರಿಗೆ ಅಭ್ಯಂಜನ ಮಾಡಿದೆ. "ಅಲ್ಲಾಡ್ಬೇಡಿ ಸ್ವಾಮಿ, ಪಟ್ಟಿ ಬಗ್ಗುತ್ತೆ! ಕಿತ್ತೋಳೂ ನಾನೇ, ಅಂಟ್ಸಿದೋಳೂ ನಾನೇ. ಅವನದೇನೂ ತಪ್ಪಿಲ್ಲ."

ಪಟ್ಟಿ ಬಿಟ್ಟುಬಂದ ಮೇಲೆ ಅವರು ಇಂಜಿನ್ ಚಾಲೂ ಮಾಡಿಸಿ ಅದರ ಸದ್ದು ಕೇಳಿದರು, ಆಮೇಲೆ ನಕ್ಕುಬಿಟ್ಟರು. "ಪಟ್ಟಿ ಏನು ತರಕಾರಿ ಹೊರುತ್ತಾ? ಸೋಮವಾರದಿಂದ ಬಾರಯ್ಯ. ಕೋಟು ಮಾತ್ರ ಈಯಮ್ಮನೇ ಒಗೆದುಕೊಡ್ಬೇಕು."

ಶನಿವಾರ ಸನಾವುಲ್ಲಾ ಪಟ್ಟಿಗೆ ಸ್ಕ್ರೂ ಹಾಕಿಕೊಟ್ಟ. ಸಂಜೆ ಗಾಡಿ ಮತ್ತೆ ನಮ್ಮ ಗೇಟಿಗೆ ಹಿಂಬದಿ ತಿರುಗಿಸಿ ನಿಂತಿತು. ಅಭ್ಯಾಸ ಬಿಡುತ್ತದೆಯೇ? ಕಂಬದ ಪಕ್ಕ ನಿಂತು ಕೈ ಎತ್ತಿದೆ.

ಚಿನ್ನಪ್ಪ ಇಂಜಿನ್ ನಿಲ್ಲಿಸಿ, ಕೆಳಗಿಳಿದು, ಎರಡೂ ಕೈ ಮುಗಿದ.

"ದೊಡ್ಡಮ್ಮಾ, ನಾನು ಒಳಗೆ ಬರೋವರ್ಗೂ ನೀವು ಹಿತ್ತಲಲ್ಲಿ ಆ ಕೋಟು ಒಗೀತಾ ಇರ್ತೀರಾ?"