ಗೆರೆ ಯಾರೂ ಸರಿಸಬಾರದು

"ಮೂರು ವಾರದಾಗ ನಮ್ಮ ಮನಿ ಅಮೆರಿಕಾದವರಿಗಿ ತೋರಿಸಲಿಲ್ಲ ಅಂದ್ರ ನನ್ನ ಹೆಸರು ಮಲ್ಲು ಅಲ್ಲ!"

ಸಗರದ ತನ್ನ ಮನೆಯ ಕಟ್ಟೆಯ ಮೇಲೆ ನಿಂತು ಮಲ್ಲು ಈ ಘೋರ ಪ್ರತಿಜ್ಞೆ ಮಾಡಿದಾಗ ಸಾಕ್ಷಿಗಿದ್ದವರು ಮೂರು ಆಡುಗಳು ಮತ್ತು ಹೆಂಡತಿ ಸುಮಲತಾ. ಆಡುಗಳಾದರೂ ತಲೆ ಅಲ್ಲಾಡಿಸಿದವು. ಜೋಳ ಹಸನು ಮಾಡುತ್ತಿದ್ದ ಸುಮಲತಾ ಮೊರದಿಂದ ತಲೆ ಎತ್ತಲಿಲ್ಲ.

"ಅಮೆರಿಕಾದವರು ಬರೋಕಿಂತ ಮೊದಲ ಬಚ್ಚಲ ತೂತಿಗಿ ಒಂದು ಬಟ್ಟಿ ತುರುಕ್ರಿ. ಮೂರು ದಿನ ಆತು, ಹೇಳಾಕತ್ತೇನಿ."

"ಅವರು ಇಲ್ಲಿಗಿ ಬರಾಂಗಿಲ್ಲ ಮಾರಾಯ್ತಿ. ಅಲ್ಲೇ ಕುಂತು ನೋಡ್ತಾರ!"

"ಅವರು ಅಲ್ಲಿ ಕುಂತು ನೋಡಿದ್ರೂ ನೀರು ಇಲ್ಲೇ ಹರೀತದಲ್ರಿ."

ಮಲ್ಲುವಿಗೆ ಆಗಲೇ ಕನಸು ಹತ್ತಿತ್ತು. ಎಲ್ಲೋ ಹಿಮ ಬೀಳುವ ಊರಿನಲ್ಲಿ ಒಬ್ಬ ದೊರೆಸಾನಿ ಕೈಯಲ್ಲಿ ಚಹಾ ಹಿಡಿದು ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. 'ಅವ್ವ' ಎಂಬ ಹೆಸರನ್ನು ಒತ್ತುತ್ತಾಳೆ. ಪರದೆಯ ತುಂಬ ಅವನ ತಾಯಿ ಮಲಕಮ್ಮ, ಹಣೆಯ ಕಾಸಗಲ ಕುಂಕುಮದ ಸಮೇತ ಅರಳುತ್ತಾಳೆ. ದೊರೆಸಾನಿಯ ಚಹಾ ಆರಿಹೋಗುತ್ತದೆ!

ಇದು ಎರಡು ಸಾವಿರದ ನಾಲ್ಕರ ಮಾತು. ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಮಲ್ಲು ಶಹಾಪುರದ ಒಂದು ಹತ್ತಿಮಿಲ್ಲಿನಲ್ಲಿ ಗುಮಾಸ್ತ. ಮಿಲ್ಲಿನವರು ಹೊಸ ಕಂಪ್ಯೂಟರ್ ತಂದ ದಿನ ಹಳೆಯದನ್ನು ಇವನ ತಲೆಗೆ ಕಟ್ಟಿದರು. ಅದನ್ನು ಊರಿಗೆ ತಂದವನು ಅಣ್ಣ ಬಸವಣ್ಣ. ಕುರಿ ಕಾಯುವ ಆ ಮನುಷ್ಯ ಅದನ್ನು ಕಂಬಳಿಯಲ್ಲಿ ಸುತ್ತಿ, ಆಗತಾನೆ ಹುಟ್ಟಿದ ಮರಿಯ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸಿನಲ್ಲಿ ಮೈಯೆಲ್ಲ ಬಿಗಿಹಿಡಿದು ಕೂತಿದ್ದ. ಅಪ್ಪ ತೀರಿಕೊಂಡ ವರ್ಷ ಊರ ಹಿರಿಯರು "ಇನ್ನ ಬ್ಯಾರೆ ಆಗ್ರೆಪ್ಪ" ಎಂದಾಗ ಹತ್ತು ವರ್ಷದ ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು, "ನಮ್ಮ ಮನ್ಯಾಗ ಒಂದs ಒಲಿ" ಎಂದು ಎದ್ದುಬಂದವನೂ ಅವನೇ. ಅಂದಿನಿಂದ ಆ ಮನೆಯಲ್ಲಿ ಒಲೆ ಒಂದೇ ಉರಿದಿದೆ.

ಸಂಜೆ ಮಿಲ್ಲು ಬಿಟ್ಟಮೇಲೆ ಮಲ್ಲು ಹೋಗುತ್ತಿದ್ದದ್ದು ಗೆಳೆಯ ಗಯಾಸನ ಕಂಪ್ಯೂಟರ್ ಸೆಂಟರಿಗೆ. ಅಲ್ಲಿ ವೆಬ್ ಪೇಜ್ ಕಟ್ಟುವ ವಿದ್ಯೆ ಕಲಿಸುತ್ತಿದ್ದರು. ಮೂರು ವಾರದ ಕೊನೆಗೆ ಒಂದು ಪೇಜು ಮಾಡಿ ತೋರಿಸಿದರೆ ಸರ್ಟಿಫಿಕೇಟು.

"ನೋಡು ಮಲ್ಲುಭಾಯ್," ಎಂದಿದ್ದ ಗಯಾಸ, "ಪೇಜ್ ಅಂದ್ರ ಬಯಲು ಅಲ್ಲ. ಗೆರಿ ಹೊಡದು ಭಾಗ ಮಾಡಬೇಕು. ಅದಕ್ಕ ಫ್ರೇಮ್ ಅಂತಾರ. ಮ್ಯಾಲಿಂದು ಮ್ಯಾಲೇ ಇರ್ತದ, ಎಡಕಿಂದು ಎಡಕ್ಕೇ ಇರ್ತದ. ಎಡಕ್ಕ ಹೆಸರು ಒತ್ತಿದಿ ಅಂದ್ರ ನಡುವಿನ ಭಾಗದಾಗ ಮಾಲು ಬರ್ತದ. ಸಮಝಾ?"

ಸಮಝಾ ಏನು, ಮಲ್ಲುವಿನ ರೋಮ ರೋಮಕ್ಕೂ ಅದು ಇಳಿದುಹೋಯಿತು. ಎಡಿಟರ್ ಎಂಬ ಪ್ರೋಗ್ರಾಮು ತೆರೆದು, ಮೌಸಿನಿಂದ ಗೆರೆಯನ್ನು ಹಿಡಿದು ಎಳೆದರೆ ಸಾಕು, ಮೈದಾನದಂಥ ಪೇಜು ಕೋಣೆ ಕೋಣೆಯಾಗುತ್ತಿತ್ತು. ವಿಷಯ 'ನಮ್ಮ ಮನೆ'. ಮೇಲಿನ ಪಟ್ಟಿಯಲ್ಲಿ ಅವ್ವನ ಹೆಸರು ದೊಡ್ಡಕ್ಷರದಲ್ಲಿ. ಎಡಗಡೆಯ ಪಟ್ಟಿಯಲ್ಲಿ ಅಣ್ಣನ ಫೋಟೊ, ಅದರ ಕೆಳಗೆ ಒತ್ತುವುದಕ್ಕೆ ಹೆಸರುಗಳು. ಉಳಿದ ವಿಶಾಲ ಬಯಲಿನಲ್ಲಿ ಶ್ರೀಮಾನ್ ಮಲ್ಲು ವಿರಚಿತ ಶ್ರೀಮಾನ್ ಮಲ್ಲುವಿನ ಚರಿತ್ರೆ!

ಆದರೆ ಮೊದಲ ದಿನ 'ಅವ್ವ' ಎಂದು ಒತ್ತಿದರೆ ಅವ್ವ ನಡುವೆ ಬರಲಿಲ್ಲ. ಎಡಗಡೆಯ ಸಣ್ಣ ಪಟ್ಟಿಯೊಳಗೇ ನುಗ್ಗಿ ಸಿಕ್ಕಿಕೊಂಡಳು. ಬರೀ ಮೂಗು ಕಾಣುತ್ತಿತ್ತು. ಅದೂ ಮೂಗುತಿ ಇಲ್ಲದ ಅರ್ಧ. ಮಲ್ಲು ಸಂಕಟಪಟ್ಟ. ಮರುದಿನ ಮಿಲ್ಲಿನಲ್ಲಿ ಹತ್ತಿಯ ಲೆಕ್ಕ ಬಿಟ್ಟು ಕೂತು, ಮಾಡಬೇಕಾದ್ದನ್ನೆಲ್ಲ ಒಂದು ಹಾಳೆಯ ಮೇಲೆ ಚೌಕ ಬರೆದು, ಗೆರೆ ಎಳೆದು, ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡ:

ನಮ್ಮ ಮನೆ.
ಅವ್ವ: ಮೇಲೆ, ನೂರಕ್ಕೆ ಹದಿನೈದು.
ಅಣ್ಣ: ಎಡಕ್ಕೆ, ನೂರಕ್ಕೆ ಇಪ್ಪತ್ತು.
ಉಳಿದದ್ದೆಲ್ಲ: ಮಲ್ಲು.
ಗೆರೆ ಯಾರೂ ಸರಿಸಬಾರದು.
ಅವ್ವ ಅಣ್ಣನ ಭಾಗದೊಳಗೆ ಬರಬಾರದು. ನನ್ನ ಭಾಗಕ್ಕೇ ಬರಬೇಕು.

ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಮರುದಿನ ಬೆಳಿಗ್ಗೆ ಆ ಅಂಗಿ ಬಿಚ್ಚಿ ಮೂಲೆಗೆ ಒಗೆದು, ಬೇರೆ ಅಂಗಿ ತೊಟ್ಟು, ಶಹಾಪುರದ ಬಸ್ಸು ಹತ್ತಿದ.

ಆಮೇಲೆ ಮನೆಯಲ್ಲಿ ಏನಾಯಿತೆಂದು ಮಲ್ಲುವಿಗೆ ತಿಳಿದದ್ದು ಸಂಜೆಗೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ಯಾಕೆ ಸುಮ್ಮನೆ ಕಾಯಿಸಲಿ!

ಬಟ್ಟೆ ಒಗೆಯಲು ಕೂತವಳು ಬಸವಣ್ಣನ ಹೆಂಡತಿ, ಕಕ್ಕೇರಾದ ಸಾಬಮ್ಮ. ನಾಲ್ಕನೇ ಇಯತ್ತೆ ಓದಿದವಳು. ಕಿಸೆಯಲ್ಲಿ ಸಿಕ್ಕ ಹಾಳೆಯನ್ನು ಅಕ್ಷರ ಅಕ್ಷರ ಕೂಡಿಸಿ ಒಮ್ಮೆ ಓದಿದಳು. ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಓದಿದಳು. ಬಟ್ಟೆ ಕಲ್ಲಿನ ಮೇಲೇ ಉಳಿಯಿತು.

"ಅತ್ತಿ! ನಿಮ್ಮ ಸಣ್ಣ ಮಗ ಮನಿ ಪಾಲ ಮಾಡ್ಯಾನ. ನಿಮಗ ಹದಿನೈದು, ನಮಗ ಇಪ್ಪತ್ತು, ಉಳಿದದ್ದೆಲ್ಲ ಅವಂಗ!"

ಮಲಕಮ್ಮ ನಂಬಲಿಲ್ಲ. ಓದು ಬಲ್ಲ ಹಿರಿಯನೆಂದು ನಾಗಣ್ಣನನ್ನು ಕರೆಸಿದಳು. ಕರೆಸಿದ್ದೇ ತಪ್ಪಾಯಿತು! ಊರಿನಲ್ಲಿ ಯಾರ ಮನೆ, ಯಾರ ಹೊಲ ಪಾಲಾದರೂ ಅಳೆಯುವವನು ನಾಗಣ್ಣ. ಅಳತೆಯ ಹಗ್ಗ ಅವನ ಹೆಗಲು ಬಿಟ್ಟು ಇಳಿದದ್ದನ್ನು ಕಂಡವರಿಲ್ಲ. ಊರಿಗೆಲ್ಲ ಗೆರೆ ಹೊಡೆದವನ ಕೈಗೆ ಸಿಗದೆ ಉಳಿದ ಮನೆ ಇದೊಂದೇ. ಹಾಳೆ ನೋಡಿದ ಅವನ ಕಣ್ಣಲ್ಲಿ ನೀರೇ ಬಂತು. "ನಕಾಶಿ ಅಂದ್ರ ನಕಾಶಿ! ಹಿಂಗ ಬರದುಕೊಟ್ರ ಅಳಿಯಾಂವಗೂ ಸುಖ," ಎಂದ.

"ಇದೆಲ್ಲ ಸುರಪುರದಾಕಿ ಕಲಿಸಿದ್ದು," ಎಂದು ಸಾಬಮ್ಮ ಸುಮಲತಾಳ ಕಡೆಗೆ ತಿರುಗಿದಳು.

ಸುಮಲತಾ ಹಾಳೆ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ನಾ ಕಲಿಸಿದ್ರ ನನ್ನ ಹೆಸರು ಇರತಿರಲಿಲ್ಲೇನಕ್ಕ? ಎಲ್ಲ್ಯಾದ ತೋರಸು!"

ಎಲ್ಲಿಯೂ ಇರಲಿಲ್ಲ. ಆ ಕ್ಷಣವೇ ನೆಗೆಣ್ಣಿಯರಿಬ್ಬರೂ ಒಂದಾದರು. ಮಧ್ಯಾಹ್ನ ಕುರಿ ನೆರಳಿಗೆ ಬಿಟ್ಟು ಊಟಕ್ಕೆ ಬಂದ ಬಸವಣ್ಣ ಹಾಳೆಯಲ್ಲಿದ್ದದ್ದನ್ನು ಓದಿಸಿ ಕೇಳಿದ. ಮುಂದಿದ್ದ ಊಟದ ತಾಟನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ಅಂವ ಎಂದೂ ಏನೂ ಕೇಳಿದಾಂವಲ್ಲ. ಮದಲ ಸಲ ಕೇಳ್ಯಾನ. ಅಂವ ಬರದಂಗs ಹೊಡಿ ನಾಗಣ್ಣ," ಎಂದ.

ನಾಗಣ್ಣ ಸುಣ್ಣ ಕಲಸಿದ.

ಸಂಜೆಯ ಬಸ್ಸಿನಲ್ಲಿ ಮಲ್ಲುವಿನ ಅವಸ್ಥೆ ಹೇಳತೀರದು. ಅಂದು ಗಯಾಸನ ಸೆಂಟರಿನಲ್ಲಿ ಅವ್ವ ನಡುವಿನ ಭಾಗಕ್ಕೆ ಸಲೀಸಾಗಿ ಬಂದುಬಿಟ್ಟಿದ್ದಳು! ಮೂಗುತಿ ಸಹಿತ ಬಂದಿದ್ದಳು! ಆ ಪೇಜನ್ನು ಫ್ಲಾಪಿಯಲ್ಲಿ ತುಂಬಿಕೊಂಡು, ಕಿಟಕಿಗೆ ತಲೆಯಾನಿಸಿ ಕೂತಿದ್ದ. ಹೊರಗೆ ಬುದ್ಧನ ಹಾಗೆ ಮಲಗಿದ ಗುಡ್ಡ ನಿಂತಲ್ಲೇ ನಿಂತಿತ್ತು. ಅದರ ಮುಂದೆ ಹತ್ತಿ ಹೊಲ, ಹೊಲದ ಹಿಂದೆ ತೊಗರಿ ಹೊಲ, ಒಂದಾದ ಮೇಲೊಂದು ಸರಿಯುತ್ತಿದ್ದವು. ದೇವರೂ ಫ್ರೇಮ್ ಬಳಸಿದ್ದಾನೆ ಎಂದು ಮಲ್ಲುವಿಗೆ ಖಾತ್ರಿಯಾಯಿತು. ಗುಡ್ಡ ಮೇಲಿನ ಪಟ್ಟಿ, ಹೊಲಗಳು ನಡುವಿನ ಭಾಗ. ಈ ತತ್ವದ ಗುಂಗಿನಲ್ಲಿ ಸಗರ ದಾಟಿಹೋಗುತ್ತಿತ್ತು, ಕಂಡಕ್ಟರ್ ಬೈದು ಇಳಿಸಿದ.

ಮನೆಯ ಬಾಗಿಲಲ್ಲಿ ಅವನ ಕಾಲು ನಿಂತವು.

ಸಗಣಿ ಸಾರಿಸಿದ ನೆಲದ ಮೇಲೆ ಬೆಳ್ಳಗೆ, ಬೆರಳಗಲ, ಬಾಣದಂತೆ ನೆಟ್ಟಗಿನ ಸುಣ್ಣದ ಗೆರೆಗಳು! ಬಾಗಿಲ ಕಡೆಯ ಪಟ್ಟಿ ಅಡ್ಡಕ್ಕೆ. ಅದರೊಳಗೆ ಆಡುಗಳ ನಡುವೆ ಅವ್ವ ಜಮಖಾನೆ ಹಾಸಿ ಕೂತಿದ್ದಳು. ಎಡಗಡೆ ಇನ್ನೊಂದು ಪಟ್ಟಿ ಉದ್ದಕ್ಕೆ. ಅದರ ಗೆರೆ ಹಿಂದಿನ ಅಡುಗೆಮನೆಗೆ ನುಗ್ಗಿ, ಒಲೆಯ ನಟ್ಟನಡುವೆ ಹಾದು, ಒಂದು ಒಲೆಗುಂಡನ್ನು ಅಣ್ಣನಿಗೂ ಎರಡನ್ನು ತಮ್ಮನಿಗೂ ಕೊಟ್ಟಿತ್ತು. ಉಳಿದ ವಿಶಾಲ ಬಯಲು ಖಾಲಿ. ಅದರ ಮೂಲೆಯಲ್ಲಿ ಕಂಪ್ಯೂಟರು ಒಂಟಿಯಾಗಿ ಕೂತಿತ್ತು.

ಮಲ್ಲು ಕನಸಿನಿಂದ ಇಳಿದವನಲ್ಲ, ನೇರ ಕನಸಿನೊಳಗೇ ನಡೆದುಬಂದವನು. ಅವನ ಬಾಯಿಂದ ಬಂದದ್ದೇ ಹೀಗೆ:

"ಆಹಾಹಾ! ಏನ್ ನೆಟ್ಟಗ ಬಂದಾವ! ಪಕ್ಕಾ ಹದಿನೈದು, ಪಕ್ಕಾ ಇಪ್ಪತ್ತು! ಯಾರ್ ಹೊಡದ್ರು ಇವನ್ನ?"

ಒಬ್ಬ ನಾಗಣ್ಣ ಮಾತ್ರ ನಾಚಿಕೊಂಡು, "ನಾನsಪ್ಪ," ಎಂದ.

"ಕೇಳಿದ್ರೇನು?" ಎಂದಳು ಸಾಬಮ್ಮ. "ಇನ್ನೂ ಏನರ ಅನುಮಾನ ಅದೇನು?"

ಎಡಗಡೆಯ ಪಟ್ಟಿಯಲ್ಲಿ ಕಂಬಳಿಯನ್ನು ಎರಡಾಗಿ ಮಡಚಿ ಹಾಸಿಕೊಂಡಿದ್ದ ಬಸವಣ್ಣ ತಲೆ ಎತ್ತಿದ.

"ನಿನ್ನ ಮನಸ್ಸಿನಂಗ ಆತಲ್ಲ ತಮ್ಮಾ? ಇಪ್ಪತ್ತು ಸಾಕೋ ನಂಗ. ಕಾಲು ಚಾಚಾಕ ಆಗಾಂಗಿಲ್ಲ, ಮಡಚಿಕೊಂಡು ಮಲಗ್ತೇನಿ. ನೀ ಏನ್ ಬರದ್ರೂ ನಾ ಹ್ಞೂಂ ಅಂತಿದ್ದೆ." ಕಂಬಳಿಯ ಅಂಚನ್ನು ಗೆರೆಯೊಳಗೆ ಎಳೆದುಕೊಂಡ. "ಆದ್ರ ಅವ್ವ ನನ್ನ ಭಾಗದಾಗ ಬರಬಾರದು ಅಂತ ಯಾಕ ಬರದಿ?"

ಆಗ, ಆಗ ಮಾತ್ರ, ಮಲ್ಲು ಎಚ್ಚರಾದ. ನಾಗಣ್ಣನ ಕೈಯಲ್ಲಿದ್ದ ಹಾಳೆ ಕಂಡಿತು. ನೆಲ ಕಂಡಿತು. ಒಲೆ ಕಂಡಿತು. ಹೆಗಲ ಮೇಲೆ ಹೊತ್ತು ತಿರುಗಿದ ಅಣ್ಣ ನಾಲ್ಕು ಅಡಿ ಅಗಲದಲ್ಲಿ ಮುದುಡಿ ಕೂತದ್ದು ಕಂಡಿತು. "ಅಣ್ಣಾ, ಇದು ಮನಿ ಅಲ್ಲೋ, ಪೇಜು! ಪೇಜೋ!" ಎಂದು ಅತ್ತೇಬಿಟ್ಟ.

ಪೇಜು ಎಂದರೆ ಯಾರಿಗೆ ಏನು ತಿಳಿಯಬೇಕು! ಕಂಪ್ಯೂಟರ್ ಹಚ್ಚಿ, ಫ್ಲಾಪಿ ಹಾಕಿ, "ಎಲ್ಲಾರೂ ಬರ್ರಿ, ನೋಡ್ರಿ," ಎಂದು ಕರೆದ. ಯಾರೂ ಅಲುಗಲಿಲ್ಲ, ನಡುವೆ ಗೆರೆಯಿತ್ತು. ಕಡೆಗೆ ಸಾಬಮ್ಮನೇ ಕಾನೂನು ತೆಗೆದಳು: "ಸರಸಬಾರದು ಅಂತ ಬರದಾನ. ದಾಟಬಾರದು ಅಂತ ಬರದಿಲ್ಲ. ನಡೀರಿ."

ಪರದೆಯ ಮೇಲೆ ಅದೇ ಗೆರೆಗಳು ಮೂಡಿದವು. ನಾಗಣ್ಣ ತನ್ನ ಗೆರೆ, ಅದರ ಗೆರೆ ಎರಡನ್ನೂ ಹೋಲಿಸಿ ನೋಡಿ ತೃಪ್ತಿಪಟ್ಟ. ಮಲ್ಲು 'ಅವ್ವ' ಎಂದು ಒತ್ತಿದ. ನಡುವಿನ ಬಯಲಿನ ತುಂಬ ಮಲಕಮ್ಮ ಅರಳಿದಳು.

"ನಿನ್ನ ಭಾಗ ಸಣ್ಣದಣ್ಣಾ. ಅದರಾಗ ಬಂದ್ರ ಅವ್ವ ಹಿಚುಕಿ ಹೋಗ್ತಾಳ. ಅದಕ್ಕ ಬರಬಾರದು ಅಂತ ಬರದಿದ್ದೆ."

ಆಮೇಲೆ 'ಅಣ್ಣ' ಎಂದು ಒತ್ತಿದ. ಅವ್ವ ಸರಿದು, ಕುರಿಮರಿ ಅವಚಿಕೊಂಡ ಬಸವಣ್ಣ ಬಂದ. 'ವೈನಿ' ಎಂದು ಒತ್ತಿದರೆ ಸಾಬಮ್ಮ, ರೊಟ್ಟಿ ಬಡಿಯುತ್ತಾ.

ಬಸವಣ್ಣ ಬಗ್ಗಿ ಪರದೆಯನ್ನೇ ನೋಡಿದ. "ಅಂದ್ರ, ಈ ಉಳಿದದ್ದೆಲ್ಲ ನಿಂದಲ್ಲ. ಯಾರ್ ಹೆಸರು ಒತ್ತಿದ್ರ ಅವರು ಬಂದು ಕುಂಡ್ರೋ ಜಾಗ."

"ಹೌದಣ್ಣಾ."

"ಹುಚ್ಚಪ್ಯಾಲಿ," ಎಂದ ಬಸವಣ್ಣ, ತಮ್ಮನ ತಲೆಯ ಮೇಲೆ ಕೈಯಿಟ್ಟು. ಮಲಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಲ್ಲ ಸುಖವಾಗಿ ಮುಗಿಯಿತು ಅನ್ನುವಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು.

"ನನ್ನ ಹೆಸರು ಎಲ್ಲಿ ಒತ್ತಬೇಕ್ರಿ?"

ಮಲ್ಲು ತಿರುಗಿದ. ಸುಮಲತಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಸತ್ಯ ಹೇಳುವುದಾದರೆ ಅವನು ಮರೆತಿದ್ದ. ಆದರೆ ಕನಸುಗಾರರಿಗೆ ಆಪತ್ಕಾಲದಲ್ಲಿ ಮಾತು ಬರುತ್ತದೆ.

"ನೋಡು, ಈ ಎಲ್ಲಾ ಭಾಗ ಹಿಡಕೊಂಡು ನಿಂತ ಒಂದು ಪೇಜು ಹಿಂದ ಇರ್ತದ. ಅದು ಇಲ್ಲಂದ್ರ ಒಂದೂ ನಿಂದ್ರಾಂಗಿಲ್ಲ. ಆದ್ರ ಅದು ಯಾರ ಕಣ್ಣಿಗೂ ಕಾಣಾಂಗಿಲ್ಲ. ಅದs ನೀನು!"

"ಹೌದೇನ್ರಿ?" ಎಂದಳು ಸುಮಲತಾ, ಬಹಳ ಮೆತ್ತಗೆ. ಅಷ್ಟು ಮೆತ್ತಗಿನ ದನಿ ಒಳ್ಳೆಯದಲ್ಲವೆಂದು ಮಲ್ಲುವಿಗೆ ತಿಳಿಯಬೇಕಿತ್ತು.

"ಅದೆಲ್ಲ ಇರಲಿ," ಎಂದಳು ಮಲಕಮ್ಮ, "ಈ ಗೆರಿ ನನ್ನ ಕಣ್ಣಿಗಿ ಚುಚ್ಚಾಕತ್ತಾವ. ಅಳಸಾಕ ಬರ್ತದೇನೋ?"

ಬರುತ್ತದೆ! ಎಡಿಟರಿನಲ್ಲಿ ಗೆರೆಯ ದಪ್ಪ ಎಷ್ಟೆಂದು ಕೇಳುವ ಒಂದು ಖಾನೆಯಿದೆ. ಮಲ್ಲು ಅದರಲ್ಲಿ ಸೊನ್ನೆ ಒತ್ತಿದ. ಗೆರೆಗಳೆಲ್ಲ ಮಾಯ! ಅವ್ವ, ಅಣ್ಣ, ಹೆಸರುಗಳು, ಎಲ್ಲವೂ ಒಂದೇ ಬಯಲಿನಲ್ಲಿ ನಿಂತವು. ಮನೆಮಂದಿಯೆಲ್ಲ "ಹ್ಹಾ!" ಎಂದು ಉಸಿರು ಬಿಟ್ಟರು.

"ಒಂದು ಸೊನ್ನಿಯಿಂದ ಹೋಗೋದಿತ್ತು ಅಂದ್ರ ಹೊಡದರ ಯಾಕ ಹೊಡದಿ?" ಎಂದಳು ಮಲಕಮ್ಮ.

ಆದರೆ ಸಗಣಿ ನೆಲದ ಮೇಲಿನ ಸುಣ್ಣ ಸೊನ್ನೆಗೆ ಹೆದರುವುದಿಲ್ಲ. ಒರೆಸಿದಷ್ಟೂ ಅದು ಬೆಳ್ಳಗೆ ಹರಡಿತು. ಇಡೀ ಮನೆಯನ್ನು ಹೊಸದಾಗಿ ಸಾರಿಸದೆ ಗತಿಯಿಲ್ಲ ಎಂದು ತೀರ್ಮಾನವಾಯಿತು. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಬುಟ್ಟಿ ತುಂಬ ಸಗಣಿ ಕಲಸಿ ಇಡಲಾಯಿತು. ಅಮೆರಿಕದ ದೊರೆಸಾನಿಯ ಕನಸಿನಲ್ಲಿದ್ದ ಮಲ್ಲು ಚಹಾ ಲೋಟ ಹಿಡಿದು ಎದ್ದುಬಂದ. ಸುಮಲತಾ ಅವನ ಕೈಯಿಂದ ಲೋಟ ಇಸಿದುಕೊಂಡು, ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಸೆರಗಿನ ಗಂಟಿನಿಂದ ಒಂದು ಹಾಳೆ ತೆಗೆದಳು. ಅದೇ, ನಾಲ್ಕಾಗಿ ಮಡಚಿದ ಹಾಳೆ.

"ನೀವು ಬರದಂಗs ಆಗಲಿ ಅಂತ ಭಾವ ಹೇಳ್ಯಾರ. ನಾ ಓದ್ತೇನಿ, ಕೇಳ್ರಿ. ಅತ್ತಿ, ನೂರಕ್ಕ ಹದಿನೈದು."

ಮಲಕಮ್ಮ ಬಾಗಿಲ ಪಟ್ಟಿಯನ್ನು ಆಗಲೇ ಸಾರಿಸಿ ಕೈ ತೊಳೆಯುತ್ತಿದ್ದಳು.

"ಭಾವ, ನೂರಕ್ಕ ಇಪ್ಪತ್ತು."

ಸಾಬಮ್ಮ ಎಡಗಡೆಯನ್ನು ಮುಗಿಸಿ ಏಳುತ್ತಿದ್ದಳು.

"ಉಳಿದದ್ದೆಲ್ಲ...?"

ಮಲ್ಲು ಬಯಲನ್ನು ನೋಡಿದ. ಬುಟ್ಟಿಯನ್ನು ನೋಡಿದ. "ಮಲ್ಲು," ಎಂದ, ಧೋತರ ಮೇಲೆ ಕಟ್ಟಿ, ಮೊಣಕಾಲೂರಿ ಕೂತ. ಎರಡು ಹಿಡಿ ಸಗಣಿ ಹಾಕಿ ಎಳೆದಮೇಲೆ, ಹಗುರವಾಗಿ ತಲೆಯೆತ್ತಿ ಕೇಳಿದ:

"ನೀನೂ ಒಂದೀಟು ಕೈ ಹಚ್ಚಬಾರದೇನs?"

ಸುಮಲತಾ ಅವನ ಚಹಾದ ಕೊನೆಯ ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ನಾ ಹಿಂದ ಇರಾಕಿ ಅಲ್ಲೇನ್ರಿ? ಕಣ್ಣಿಗಿ ಕಾಣಾಂಗಿಲ್ಲ."