ಉಡಿ ಒಬ್ಬರದು, ಓಟು ಒಬ್ಬರಿಗೆ

ರೊಟ್ಟಿ ಬಡಿಯುವಾಗ ಯಾರೂ ಬಂದು ಸುದ್ದಿ ಹೇಳಬಾರದು. ಕೈತುಂಬ ಹಿಟ್ಟು, ಒಲೆಯ ಮೇಲೆ ಕಾದ ಹಂಚು, ಬಿಡುವಾಗಿರುವುದು ಕಿವಿಯೊಂದೇ. ಹಾಗಾಗಿ ಕೇಳಿದ್ದೆಲ್ಲ ನೇರ ಎದೆಗೇ ಇಳಿಯುತ್ತದೆ. ಮತದಾನದ ಹಿಂದಿನ ದಿನ ಎದುರುಮನೆಯ ಶೋಭಕ್ಕ ಬಾಗಿಲಲ್ಲಿ ನಿಂತು, "ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ಎಣಿಕೆಯ ದಿನ ಎಲ್ಲ ಗೊತ್ತಾಗ್ತದಂತೆ ಮಾರಾಯ್ತಿ. ನಮ್ಮ ಬಿಲ್ಡಿಂಗಿನವರು ಕೈಕೊಟ್ಟರೆ ನನ್ನ ತಮ್ಮ ಮುಖ ತೋರಿಸುವ ಹಾಗಿಲ್ಲ" ಅಂದಳು. ನನ್ನ ರೊಟ್ಟಿ ಹರಿಯಿತು.

ಹರಿಯದೆ ಏನು ಮಾಡೀತು? ಶೋಭಕ್ಕ ಉಡುಪಿಯ ಕಡೆಯವಳು, ನಾವು ವಿಜಯಪುರದವರು. ಮುಂಬಯಿ ಪಕ್ಕದ ಈ ಕಾಮೋಠೆಯಲ್ಲಿ ನನಗೆ ಜ್ವರ ಬಂದರೆ ಗಂಜಿ ತರುವವಳು ಅವಳೊಬ್ಬಳೇ. ದೇವರು ಎದುರು ಬಾಗಿಲಲ್ಲೇ ಅಕ್ಕನನ್ನು ಕೊಟ್ಟನೆಂದು ದಿನಾ ಕೈ ಮುಗಿಯುತ್ತೇನೆ. ಅವಳ ತಮ್ಮ ಒಂದು ಪಕ್ಷಕ್ಕಾಗಿ ಬಿಸಿಲಲ್ಲಿ ಓಡಾಡುತ್ತಿದ್ದ. ಅದಕ್ಕೇ ಹೋದ ಶುಕ್ರವಾರ ನಮ್ಮ ಎಲ್ಲಮ್ಮನ ಫೋಟೋದ ಮುಂದೆಯೇ ಕುಪ್ಪಸದ ಕಣ, ಅಕ್ಕಿ, ತೆಂಗಿನಕಾಯಿ ಇಟ್ಟು ನನ್ನ ಉಡಿ ತುಂಬಿ, "ನಮ್ಮವರಿಗೇ ಹಾಕು" ಅಂದಿದ್ದಳು. ಉಡಿ ತುಂಬಿಸಿಕೊಂಡವಳು ಇಲ್ಲವೆನ್ನುವಂತಿಲ್ಲ ಎಂದು ಅವಳಿಗೆ ಕಲಿಸಿದವಳೂ ನಾನೇ.

ಆದರೆ ನನ್ನ ಮನಸ್ಸು ಬೇರೆಯವರ ಕಡೆಗಿತ್ತು. ತಾಯಿಯೇ ತೀರ್ಮಾನಿಸಲಿ ಎಂದು ಫೋಟೋದ ಎರಡೂ ಬದಿಗೆ ಹೂ ಏರಿಸಿ ಹೂಪ್ರಸಾದ ಕೇಳಿದೆ. ಬಲಗಡೆಯ ಹೂ ಬಿದ್ದರೆ ನನ್ನ ಮನಸ್ಸಿನವರು, ಎಡಗಡೆಯದು ಬಿದ್ದರೆ ಶೋಭಕ್ಕನವರು. ಬಲಗಡೆಯದೇ ಬಿತ್ತು. ಅದನ್ನು ನಾನೇ ತುಸು ಸಡಿಲಾಗಿ ಏರಿಸಿದ್ದೆನೇನೋ, ಈಗಲೂ ಗೊತ್ತಿಲ್ಲ. ಹೂವಿನ ಮಾತು ನಡೆಸಿದರೆ ಉಡಿಗೆ ಅಪಚಾರ, ಉಡಿಯ ಮಾತು ನಡೆಸಿದರೆ ಹೂವಿಗೆ. ಅದರ ಮೇಲೆ ಈಗ ಎಲ್ಲ ಗೊತ್ತಾಗುತ್ತದೆಯೆಂಬ ಸುದ್ದಿ.

ಯಜಮಾನರನ್ನು ಕೇಳಿದೆ. "ಬೂತಿನ ಒಟ್ಟು ಲೆಕ್ಕ ಹೊರಗ ಬರ್ತದ, ನಿಂದಲ್ಲ. ನೀ ಬಾಯಿ ಮುಚ್ಚಿಕೊಂಡು ಒತ್ತಿ ಬಾ. ಅಲ್ಲಿ ಒದರಿದ್ರ ಓಟು ಹಾಕಾಕ ಬಿಡೂದಿಲ್ಲ" ಅಂದರು. ಕಾನೂನು ಜನರಿಂದೆಲ್ಲ ಮುಚ್ಚಿಡುತ್ತದೆ, ಸರಿ. ನನ್ನ ಲೆಕ್ಕವಿದ್ದದ್ದು ಜನರ ಹತ್ತಿರ ಅಲ್ಲವಲ್ಲ.

ಮರುದಿನ ಶೋಭಕ್ಕನೂ ನಾನೂ ಒಟ್ಟಿಗೇ ಹೋದೆವು. ಶಾಲೆಯ ಕೋಣೆಯ ಬಾಗಿಲಲ್ಲಿ ಅವಳು ನನ್ನ ಬೆನ್ನಿಗೇ ನಿಂತಿದ್ದಳು. ಒಳಗೆ ರಟ್ಟಿನ ಮರೆಯಲ್ಲಿ ನಿಂತು, ಹೂವಿನ ಮಾತಿನಂತೆ ಗುಂಡಿ ಒತ್ತಿದೆ. ಗಾಜಿನ ಹಿಂದೆ ಚೀಟಿಯೊಂದು ಕಾಣಿಸಿಕೊಂಡು, ಕ್ಷಣ ನಿಂತು, ಥೇಟ್ ಪ್ರಸಾದದ ಹೂವಿನ ಹಾಗೆ ಕೆಳಗೆ ಬಿತ್ತು. ಅಷ್ಟು ನೋಡಿದ್ದೇ ನನ್ನ ಕೈಗಳು ತಾವಾಗಿ ಕೂಡಿದವು. ದೇವರ ಮುಂದೆ ಮನಸ್ಸಿನಲ್ಲೇ ಬೇಡಿಕೊಂಡು ನನಗೆ ರೂಢಿಯಿಲ್ಲ. ಬಾಯಿ ಬಿಟ್ಟು ಹೇಳಿದರೇನೇ ಮುಟ್ಟೀತೆಂಬ ನಂಬಿಕೆ. "ತಾಯೀ, ಉಡಿ ತುಂಬಿದಾಕೀಗೆ ಎರಡು ಬಗದೆ, ಹೊಟ್ಟ್ಯಾಗ ಹಾಕ್ಕೋ" ಎಂದುಬಿಟ್ಟೆ.

ಮೇಜಿನ ಹಿಂದಿದ್ದ ಅಧಿಕಾರಿ ತಲೆಯೆತ್ತಿ, "ಕಾಕೂ, ಬೋಲೂ ನಕಾ. ಮತ ಗುಪ್ತ ಅಸ್ತ" ಎಂದು ಮಾತು ನಿಲ್ಲಿಸಲು ಹೇಳಿದರು. ನನ್ನ ಓಟು ಕೆಟ್ಟಿತೇ ಎಂದು ಹೆದರಿ ಕೇಳಿದೆ. ಅದು ಆಗಲೇ ಬಿದ್ದಾಗಿದೆ, ನಡೆಯಿರಿ ಎಂದು ಮರಾಠಿಯಲ್ಲೇ ಸಾಗಹಾಕಿದರು. ಜೋರಾಗಿ ಹೇಳಿದೆನೋ, ಮೆಲ್ಲಗೋ? ಬಾಗಿಲಲ್ಲಿ ಶೋಭಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುತ್ತಿದ್ದಳು. ದಾರಿಯುದ್ದಕ್ಕೂ ಬಿಸಿಲಿನ ಮಾತು ಬಿಟ್ಟರೆ ಬೇರೇನೂ ಆಡಲಿಲ್ಲ.

ಸಂಜೆ ಬಾಗಿಲು ತಟ್ಟಿದಳು. ಇನ್ನು ಗಂಜಿಯ ಋಣ ತೀರಿತು ಎಂದುಕೊಂಡೇ ತೆರೆದೆ. ಅವಳ ಕೈಯಲ್ಲಿ ನೀರುದೋಸೆಯ ತಟ್ಟೆ.

"ನಿನ್ನ ದೇವರಿಗೆ ಕಿವಿ ಕೇಳೂದಿಲ್ವಾ ಮಾರಾಯ್ತಿ? ಉಳಿದವರಿಗೆ ಕೇಳಬಾರದು ಅಂತ ಕೆಮ್ಮಿ ಕೆಮ್ಮಿ ನನ್ನ ಗಂಟಲು ಹೋಯ್ತು."

ನಿನಗೇನು ಕೇಳಿಸಿತು ಎಂದೆ.

"ಅದನ್ನು ಹೇಳಲಿಕ್ಕಿಲ್ಲ. ಗುಪ್ತ" ಎಂದು, ದೇವರ ಮುಂದೆ ಇನ್ನೂ ಇಟ್ಟಿದ್ದ ಉಡಿಯ ಕಾಯಿಯತ್ತ ಕಣ್ಣು ಹಾಯಿಸಿದಳು. "ಅದು ಕೊಳೀತದೆ. ಒಡಿ."

ಯಾರಿಗೂ ತಿಳಿಯಬಾರದೆಂದು ಸರಕಾರ ಅಷ್ಟೆಲ್ಲ ಮರೆ ಕಟ್ಟಿ ಕಾಪಾಡಿದ ನನ್ನ ಗುಟ್ಟು ಈಗ ಶೋಭಕ್ಕನ ಹೊಟ್ಟೆಯಲ್ಲಿ ಭದ್ರವಾಗಿದೆ. ಅಲ್ಲಿ ಎಷ್ಟಿದೆ ಎಂಬುದು ಮಾತ್ರ ನನಗೇ ತಿಳಿಯದು. ಕಾಯಿ ಒಡೆದು ಅರ್ಧ ಅವಳಿಗೆ ಕೊಟ್ಟೆ. ಉಳಿದರ್ಧವನ್ನು ಹಿಡಿದು ತುರಿಯಲು ಕುಳಿತೆ, ಬಾಯಿ ಮುಚ್ಚಿಕೊಂಡು.